ಹಲ್ಲು ಬರುವುದರೊಳಗೆ

ವಾಡಿ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ ನಾಗೇಂದ್ರಪ್ಪನಿಗೆ ಕ್ಯಾಮೆರಾ ದೊರೆತದ್ದು ಶೇಂಗಾ ಚಟ್ನಿಯ ಪುಣ್ಯದಿಂದ. ಮೇಲ್ ಗಾಡಿ ಓಡಿಸುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಡ್ರೈವರ್ ಸಾಹೇಬರಿಗೆ ನಾಗೇಂದ್ರಪ್ಪನ ಹೆಂಡತಿ ಗುರುಲಿಂಗಮ್ಮ ಕುಟ್ಟಿದ ಚಟ್ನಿಯ ರುಚಿ ಹತ್ತಿಬಿಟ್ಟಿತ್ತು. ಎಂಟು ವರ್ಷ ಅವರು ಇಂಜಿನ್ನಿಗೆ ನೀರು ತುಂಬಿಸುವ ಹೊತ್ತಿನಲ್ಲಿ ಅವಳ ರೊಟ್ಟಿ ಚಟ್ನಿ ತಿಂದು ಮುಂದೆ ಹೋಗುತ್ತಿದ್ದರು. ೧೯೫೫ರ ಬೇಸಿಗೆಯಲ್ಲಿ ನೌಕರಿ ಬಿಟ್ಟು ಕುಟುಂಬದೊಂದಿಗೆ ಸಮುದ್ರದಾಚೆ ಹೊರಟು ನಿಂತರು. ಕೊನೆಯ ಸಲ ಗಾಡಿ ತಂದಾಗ ಇಂಜಿನ್ನಿನ ಮೇಲಿಂದಲೇ ಬಗ್ಗಿ ಒಂದು ಚರ್ಮದ ಚೀಲವನ್ನು ನಾಗೇಂದ್ರಪ್ಪನ ಕೈಗಿಟ್ಟರು. ಒಳಗೆ, ಮುಚ್ಚಿದರೆ ಪುಸ್ತಕದಷ್ಟು, ಬಿಚ್ಚಿದರೆ ಹಾರ್ಮೋನಿಯಂ ತಿದಿಯಂತೆ ಮುಂದಕ್ಕೆ ಚಾಚಿಕೊಳ್ಳುವ ಕ್ಯಾಮೆರಾ ಇತ್ತು.

"ಮಕ್ಕಳ ಫೋಟೋ ತೆಗಿ" ಎಂದರು ಸಾಹೇಬರು. ಗಾಡಿ ಕದಲಿತು. "ಒಂದು ಮಾತು ಮಾತ್ರ ನೆನಪಿಡು ನಾಗೇಂದ್ರಪ್ಪ! ಎಂದೆಂದಿಗೂ, ಯಾವ ಕಾರಣಕ್ಕೂ..."

ಅಷ್ಟರಲ್ಲಿ ಫೈರ್‌ಮನ್ ಸೀಟಿಯ ಹಗ್ಗ ಜಗ್ಗಿದ. ಸಾಹೇಬರ ಬಾಯಿ ಬಹಳ ಹೊತ್ತು ಅಲುಗಾಡುತ್ತಿದ್ದುದು ಕಾಣಿಸಿತು, ಬೆರಳನ್ನೂ ಆಡಿಸಿದರು. ಸೀಟಿ ನಿಲ್ಲುವಾಗ ಗಾಡಿ ಸಿಗ್ನಲ್ ಕಂಬ ದಾಟಿತ್ತು. ಎಂದೆಂದಿಗೂ ಮಾಡಬಾರದ ಆ ಕೆಲಸ ಯಾವುದೆಂಬುದು ಸಾಹೇಬರ ಜೊತೆಗೇ ಸಮುದ್ರ ದಾಟಿ ಹೋಯಿತು.

ನಾಗೇಂದ್ರಪ್ಪ ಸಮಾಧಾನಿ ಮನುಷ್ಯ. ಮೂರು ಮಕ್ಕಳು: ಏಳು ವರ್ಷದ ಸುಗಲಾ, ಐದು ವರ್ಷದ ಚನ್ನವೀರ, ಮೂರು ವರ್ಷದ ರಾಚೋಟಿ. ಜೊತೆಗೆ ತಾಯಿ ಮಹಾದೇವಮ್ಮ, ಮತ್ತು ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಕಟ್ಟಿದ ಒಂದು ಎಮ್ಮೆ. ಅವನು ಯಾವುದಕ್ಕೂ ಅವಸರ ಪಟ್ಟವನಲ್ಲ. ಆದರೆ ಕ್ಯಾಮೆರಾ ಬಂದ ವಾರವೇ ಸುಗಲಾಳ ಮೇಲಿನ ಎರಡು ಹಾಲುಹಲ್ಲು ಒಂದೇ ದಿನ ಬಿದ್ದವು. ಅವಳು ನಕ್ಕರೆ ಕೆಂಪು ಒಸಡಿನ ನಡುವೆ ಒಂದು ಪುಟ್ಟ ಬಾಗಿಲು ತೆರೆದಂತೆ ಕಾಣುತ್ತಿತ್ತು. "ಸಕ್ಕರಿ" ಎಂದರೆ "ಹಕ್ಕರಿ" ಎನ್ನುವಳು. ಅಪ್ಪನಿಗೆ ಆ ನಗುವೆಂದರೆ ಜೀವವಾಯಿತು. ಹೊಸ ಹಲ್ಲು ಬರಲು ಎರಡು ಮೂರು ತಿಂಗಳು. ಅಷ್ಟರೊಳಗೆ ಆ ಬಾಗಿಲಿನ ಫೋಟೋ ತೆಗೆದೇ ತೀರಬೇಕೆಂದು ನಿಶ್ಚಯಿಸಿದ.

ಶಹಾಬಾದಿನಲ್ಲಿ ಸ್ಟೇಷನ್ನಿನ ಎದುರು ಅಬ್ದುಲ್ ಸಲಾಂ ಎಂಬುವರ ಫೋಟೋ ಅಂಗಡಿ. ರೀಲು ಸಿಗುವುದೂ ತೊಳೆಯುವುದೂ ಅಲ್ಲೇ. ಒಂದು ರೀಲಿಗೆ ಎಂಟು ಫೋಟೋ. ನಾಗೇಂದ್ರಪ್ಪ ರೀಲು ಹಾಕಿಸಿಕೊಂಡು ಬಂದು, ಯಾರನ್ನೂ ಏನೂ ಕೇಳದೆ, ಕ್ಯಾಮೆರಾದ ಮೇಲಿನ ಅಂಕಿಗಳನ್ನು ತಾನೇ ಅರ್ಥ ಮಾಡಿಕೊಂಡ. ಕಣ್ಣಿನ ಸುತ್ತ ನಾಲ್ಕೂವರೆಯಿಂದ ಇಪ್ಪತ್ತೆರಡರವರೆಗೆ ಒಂದು ಸಾಲು. ಅದು ಬೆಳಕು ಬರುವ ತೂತು. ಅದರ ಮೇಲೆ ಇಪ್ಪತ್ತೈದು, ಐವತ್ತು, ನೂರು. ಅದು ತೂತು ತೆರೆದಿರುವ ಹೊತ್ತು. ಹದಿನಾಲ್ಕು ವರ್ಷ ಪಾರ್ಸಲ್ ತೂಗಿದವನಿಗೆ ಇದರಲ್ಲಿ ಸಂಶಯವೇ ಬರಲಿಲ್ಲ. ದೊಡ್ಡ ಅಂಕಿ ಎಂದರೆ ಜಾಸ್ತಿ, ಸಣ್ಣ ಅಂಕಿ ಎಂದರೆ ಕಡಿಮೆ. ಹೊರಗೆ ಜೂನ್ ತಿಂಗಳ ಮೊದಲ ವಾರದ ಬಿಸಿಲು ಸುಡುತ್ತಿತ್ತು. ಇಷ್ಟು ಬೆಳಕಿಗೆ ಕಡಿಮೆ ಸಾಕೆಂದು ನಾಲ್ಕೂವರೆ ಮತ್ತು ಇಪ್ಪತ್ತೈದಕ್ಕೆ ಇಟ್ಟ. ಮಕ್ಕಳಿಗೆ ಇಸ್ತ್ರಿ ಅಂಗಿ ತೊಡಿಸಿ, ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಲ್ಲಿಸಿ, ಎಂಟು ಸಲ ಒತ್ತಿದ.

ನಾಲ್ಕನೆಯ ದಿನ ಸಲಾಂ ಭಾಯಿ ಫೋಟೋಗಳನ್ನು ಮೇಜಿನ ಮೇಲೆ ಹರಡಿ ಒಂದೊಂದನ್ನೇ ಎತ್ತಿ ನೋಡಿದರು. ಅವರು ತೆಳ್ಳಗಿನ ಮನುಷ್ಯ. ಮೂಗಿನ ತುದಿಗೆ ಕನ್ನಡಕ.

"ಗುಮಾಸ್ತ್ರೆ, ಎಮ್ಮಿ ಭಾಳ ಚೊಲೊ ಬಂದದ" ಎಂದರು ಕೊನೆಗೆ.

ನಿಜಕ್ಕೂ ಬಂದಿತ್ತು. ಎಮ್ಮೆಯ ಒಂದೊಂದು ಕೂದಲೂ, ಮೂಗಿನ ಮೇಲಿನ ಹನಿಯೂ, ಕಣ್ಣಿನ ಗಾಂಭೀರ್ಯವೂ ಎಣಿಸುವಂತಿದ್ದವು. ಅದರ ಮುಂದೆ ಮೂರು ಬಿಳಿಯ ಹೊಗೆಯಂಥ ಆಕಾರಗಳಿದ್ದವು. ಅವುಗಳಲ್ಲಿ ಒಂದಕ್ಕೆ ಎರಡು ಜಡೆ ಇದ್ದುದರಿಂದ ಅದು ಸುಗಲಾ ಎಂದು ಗೊತ್ತಾಗುತ್ತಿತ್ತು.

"ಮಕ್ಕಳು ಎಲ್ಲಿ ಹೋದ್ವು ಭಾಯಿ?"

"ಬೆಳಕಿನಾಗ ಸುಟ್ಟು ಹೋದ್ವು. ಎಮ್ಮಿ ಕರಿದದ, ಅದಕ್ಕ ಅಷ್ಟು ಬೆಳಕ ಬೇಕಾಗಿತ್ತು, ತಗೊಂಡ್ತು. ಯಾವ ನಂಬರ ಇಟ್ಟಿದ್ರಿ?"

ನಾಗೇಂದ್ರಪ್ಪ ಹೇಳಿದ. ಸಲಾಂ ಭಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನಾಗೇಂದ್ರಪ್ಪ ಸಾಹೇಬರ ಸೀಟಿಯ ಸಂಗತಿಯನ್ನೂ ಹೇಳಿ, "ಆ ಮಾಡಬಾರದ ಕೆಲಸ ಯಾವುದಿರಬಹುದು?" ಎಂದು ಕೇಳಿದ.

"ಯಾವುದಾದ್ರೂ ಇರ್ಲಿ, ನೀವು ಎಲ್ಲಾ ಮಾಡೀರಿ" ಎಂದರು ಸಲಾಂ ಭಾಯಿ. ಚಹಾ ತರಿಸಿ, ಪಾಠ ಶುರು ಮಾಡಿದರು. "ಇದು ತೂಕ ಅಲ್ರಿ, ಪಾಲು. ಒಂದ್ ರೊಟ್ಟಿ ನಾಕ್ ಮಂದಿಗಿ ಹಂಚಿದ್ರ ತುಂಡು ದೊಡ್ಡದೋ ಸಣ್ಣದೋ?"

"ದೊಡ್ಡದು."

"ಇಪ್ಪತ್ತೆರಡು ಮಂದಿಗಿ ಹಂಚಿದ್ರ?"

"ಯಾರ ಹೊಟ್ಟಿನೂ ತುಂಬಂಗಿಲ್ಲ."

"ಬಸ್! ನಾಕೂವರಿ ಅಂದ್ರ ದೊಡ್ಡ ತೂತು, ಇಪ್ಪತ್ತೆರಡು ಅಂದ್ರ ಸೂಜಿ ತೂತು. ಹೊತ್ತಿಂದೂ ಹಂಗೇ. ಒಂದು ಸೆಕೆಂಡಿನಾಗ ಇಪ್ಪತ್ತೈದು ಪಾಲು, ನೂರು ಪಾಲು. ನೂರು ಅಂದ್ರ ಕಣ್ಣು ಮಿಟುಕೋದ್ರಾಗ ಖಲಾಸ್."

ವಾಡಿಗೆ ಮರಳುವ ಪ್ಯಾಸೆಂಜರ್ ಗಾಡಿಯಲ್ಲಿ ನಾಗೇಂದ್ರಪ್ಪ ಇದನ್ನು ತನ್ನ ಇಲಾಖೆಯ ಭಾಷೆಗೆ ಹೊಂದಿಸಿಕೊಂಡ. ಬೆಳಕು ಎಂದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತ ಜನ. ಬಾಗಿಲು ಅಗಲವಿದ್ದರೆ ಗಾಡಿ ಸ್ವಲ್ಪ ನಿಂತರೂ ಡಬ್ಬಿ ತುಂಬುತ್ತದೆ. ಬಾಗಿಲು ಕಿರಿದಾದರೆ ಗಾಡಿ ಹೆಚ್ಚು ಹೊತ್ತು ನಿಲ್ಲಬೇಕು. ಜಾತ್ರೆಯಂಥ ಬಿಸಿಲಿನಲ್ಲಿ ಅಗಲ ಬಾಗಿಲು ತೆರೆದು ಬಹಳ ಹೊತ್ತು ನಿಲ್ಲಿಸಿದರೆ ಜನ ಮಾಡಿನ ಮೇಲೂ ಹತ್ತುತ್ತಾರೆ. ತನ್ನ ಮಕ್ಕಳಿಗೆ ಆದದ್ದು ಅದೇ. ಅವನಿಗೆ ಬಹಳ ಸಂತೋಷವಾಯಿತು.

ಮನೆಯಲ್ಲಿ ಸಂತೋಷವಿರಲಿಲ್ಲ. ಗುರುಲಿಂಗಮ್ಮ ಎಂಟೂ ಫೋಟೋ ತಿರುವಿ ನೋಡಿದಳು.

"ಏನ್ರಿ, ಹಡದವ್ವ ನಾನು ಮೂರು ಹಡದೀನಿ. ಎಮ್ಮಿ ಯಾರಿಗಿ ಹುಟ್ಟ್ಯಾದ?"

"ಮುಂದಿನ ಸಲ ಹಂಗಾಗಂಗಿಲ್ಲ. ನನಗ ಎಲ್ಲಾ ತಿಳಿದದ."

"ಸುಲೇಪೇಟಕ್ಕ ನಮ್ಮಪ್ಪಗ ಫೋಟೋ ಕಳಸ್ತೀನಂತ ಕಾಗದ ಬರದೀನಿ. ಎಮ್ಮಿದು ಕಳಸ್ಲೇನು?"

ಮುಂದಿನ ಸಲ ಹಾಗಾಗಲಿಲ್ಲ, ಬೇರೆಯಾಯಿತು. ಬಿಸಿಲಿನ ಭಯಕ್ಕೆ ನಾಗೇಂದ್ರಪ್ಪ ಮಕ್ಕಳನ್ನು ಪಡಸಾಲೆಯ ನೆರಳಿಗೆ ತಂದ. ನೆರಳಿನಲ್ಲಿ ಜನ ಕಡಿಮೆ, ಆದ್ದರಿಂದ ಗಾಡಿ ಒಂದು ಸೆಕೆಂಡು ನಿಲ್ಲಲಿ ಎಂದು ಲೆಕ್ಕ ಹಾಕಿ, ಒತ್ತಿದಷ್ಟು ಹೊತ್ತು ತೂತು ತೆರೆದೇ ಇರುವ ಗುರುತಿಗೆ ತಿರುಗಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ರಾಚೋಟಿ ಹುಟ್ಟಿದಂದಿನಿಂದ ಒಂದು ಸೆಕೆಂಡು ಸುಮ್ಮನೆ ನಿಂತವನಲ್ಲ. ಸುಗಲಾ ತುಟಿ ಬಿಗಿದುಕೊಂಡು ಕಂಬದಂತೆ ನಿಂತಳು. ಶಾಲೆಯಲ್ಲಿ ಯಾರೋ "ಬೊಚ್ಚಬಾಯಿ ಮುದುಕಿ" ಎಂದಿದ್ದರು. ಚನ್ನವೀರ ಉಸಿರು ಕಟ್ಟಿ ಹಿಡಿದು ಕೆಂಪಾದ. ರಾಚೋಟಿ ಮಾತ್ರ ನೊಣ ಹಿಡಿಯುತ್ತಿದ್ದ.

ಫೋಟೋ ತೊಳೆದು ಬಂದಾಗ ಸುಗಲಾ ಮತ್ತು ಚನ್ನವೀರ ಮಸುಕಾಗಿಯಾದರೂ ಇದ್ದರು. ಅವರ ನಡುವೆ ರಾಚೋಟಿಗೆ ಒಂದು ಮೈ, ಎರಡು ತಲೆ, ಎಣಿಸಿದರೆ ಏಳು ಕೈ.

ಮಹಾದೇವಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಫೋಟೋವನ್ನು ಎರಡು ಕಣ್ಣಿಗೂ ಒತ್ತಿಕೊಂಡಳು.

"ಸುಮ್ನ ರಾಚೋಟಿ ಅಂತ ಹೆಸರಿಟ್ಟೆವೇನು? ಖರೆ ಖರೆ ವೀರಭದ್ರನೇ ಬಂದಾನಲ್ಲೋ ನಾಗು!"

"ಅವ್ವಾ, ಅದು ಹೊತ್ತು ಜಾಸ್ತಿ ಆಗ್ಯಾದ. ಅವ ಕೈ ಆಡಿಸ್ಯಾನ."

"ನಿನಗೇನ ತಿಳಿತದ ಸುಮ್ಮನಿರು. ದೇವರು ಕೈ ಆಡಿಸದೆ ಮತ್ಯಾರ ಆಡಸ್ತಾರ?"

ಫೋಟೋ ದೇವರ ಜಗಲಿಯ ಮೇಲೆ ಹೋಯಿತು. ಮಹಾದೇವಮ್ಮ ಮುಂಜಾನೆ ಲಿಂಗಪೂಜೆ ಮುಗಿಸಿ ಅದಕ್ಕೂ ಒಂದು ಚಿಟಿಕೆ ವಿಭೂತಿ ಹಚ್ಚತೊಡಗಿದಳು. ನೆರೆಮನೆಯ ಹೆಂಗಸರು ಬಂದು ಕೈ ಮುಗಿದರು. ರಾಚೋಟಿಗೆ ದಿನಾ ಬೆಲ್ಲ ಕೊಬ್ಬರಿ ಸಿಗುತ್ತಿದ್ದುದರಿಂದ ಅವನು ಇನ್ನೂ ಜೋರಾಗಿ ಕೈ ಆಡಿಸಲು ಕಲಿತ. ತಾನು ಕ್ಯಾಮೆರಾ ಕಲಿಯುವುದಕ್ಕಿಂತ ಬೇಗ ತನ್ನ ಮಗ ದೇವರಾಗುವುದನ್ನು ಕಲಿಯುತ್ತಿದ್ದಾನೆ ಎನ್ನಿಸಿ ನಾಗೇಂದ್ರಪ್ಪನಿಗೆ ಬೇಸರವಾಯಿತು. ಅಷ್ಟರಲ್ಲಿ ಜುಲೈ ಮುಗಿಯುತ್ತಿತ್ತು. ಸುಗಲಾಳ ಒಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಾಣಿಸಿಕೊಂಡಿತ್ತು.

ಅವನು ಮತ್ತೆ ಶಹಾಬಾದಿಗೆ ಹೋದ.

"ಅಂದಾಜು ಕಲೀಬೇಕು ಗುಮಾಸ್ತ್ರೆ" ಎಂದರು ಸಲಾಂ ಭಾಯಿ. "ರೀಲ್ ಹಾಳ ಮಾಡಬ್ಯಾಡ್ರಿ. ಸುಮ್ನ ನೆರಳ ನೋಡ್ಕೋತ ತಿರಗ್ರಿ. ಮನಷ್ಯಾನ ನೆರಳು ನೆಲದ ಮ್ಯಾಲ ಕತ್ತರಿಲೆ ಕತ್ತರಿಸಿಟ್ಟಂಗ ಬಿದ್ದದ ಅಂದ್ರ, ಹನ್ನೊಂದು, ನೂರು. ಮೋಡ ಬಂದು ನೆರಳು ಅಳಕ ಆಯ್ತಂದ್ರ, ಎಂಟು, ಐವತ್ತು. ಹದಿನೈದು ದಿನ ಬಾಯಿಲೆ ಹೇಳ್ಕೋತ ತಿರಗ್ರಿ. ಆಮ್ಯಾಲ ಕೈಗಿ ತಾನೇ ಬರ್ತದ."

ನಾಗೇಂದ್ರಪ್ಪ ಗುರುವಿನ ಮಾತನ್ನು ಅಕ್ಷರಶಃ ಪಾಲಿಸಿದ. ಪ್ಲಾಟ್‌ಫಾರ್ಮಿನಲ್ಲಿ ಯಾರು ಎದುರಾದರೂ ಅವರ ಮುಖ ನೋಡುವುದನ್ನು ಬಿಟ್ಟು ಕಾಲಬುಡ ನೋಡತೊಡಗಿದ. ಶಹಾಬಾದ್ ಕಲ್ಲು ಹಾಸಿದ ನೆಲ. ಮೇಲೆ ತೆಳುವಾದ ಬಿಳಿ ಧೂಳು. ನೆರಳು ಚೆನ್ನಾಗಿ ಬೀಳುತ್ತಿತ್ತು. ನಮಸ್ಕಾರ ಎಂದವರಿಗೆ "ಹನ್ನೊಂದು, ನೂರು" ಎನ್ನುವನು. ಸ್ಟೇಷನ್ ಮಾಸ್ತರರು ಕರೆದು ತಲೆನೋವೇನು ಎಂದು ವಿಚಾರಿಸಿದರು. ಅವರ ನೆರಳನ್ನೂ ನೋಡಿ "ಎಂಟು, ಐವತ್ತು" ಎಂದು ಬಂದ.

ಸೇಡಮಿನ ಕಲ್ಯಾಣಪ್ಪ ಸಾಹುಕಾರರು ಈ ಕಥೆಗೆ ಬರುವುದು ಇಲ್ಲಿ. ಅವರದು ತೊಗರಿಬೇಳೆ ವ್ಯಾಪಾರ. ಸೊಲ್ಲಾಪುರಕ್ಕೆ ಹೋಗುವ ಅವರ ಮೂಟೆಗಳು ವಾಡಿಯಲ್ಲಿ ಗಾಡಿ ಬದಲಿಸುತ್ತಿದ್ದವು. ಹಮಾಲರ ಮೇಲೆ ನಂಬಿಕೆಯಿಲ್ಲದೆ ಮೂಟೆಗಳ ಜೊತೆ ತಾವೂ ಬರುತ್ತಿದ್ದರು. ದೊಡ್ಡ ಹೊಟ್ಟೆ, ದೊಡ್ಡ ರುಮಾಲು, ಸಣ್ಣ ಧೈರ್ಯ. ಬೆಕ್ಕು ಅಡ್ಡ ಬಂದರೆ ವ್ಯಾಪಾರ ನಿಲ್ಲಿಸುವ ಮನುಷ್ಯ. ಒಂದು ಮಂಗಳವಾರ ಬಿಸಿಲಿನಲ್ಲಿ ಪಾರ್ಸಲ್ ಆಫೀಸಿನ ಮುಂದೆ ಬಂದು ನಿಂತರು. ನಾಗೇಂದ್ರಪ್ಪ ಅವರ ನೆರಳನ್ನು ತದೇಕಚಿತ್ತದಿಂದ ನೋಡಿದ. ಅಷ್ಟು ದೊಡ್ಡ, ಅಷ್ಟು ಸ್ವಚ್ಛ ನೆರಳು ಅಪರೂಪ.

"ಹನ್ನೊಂದು, ನೂರು" ಎಂದು ತೃಪ್ತಿಯಿಂದ ಹೇಳಿ ಒಳಗೆ ಹೋದ.

ಸಾಹುಕಾರರು ಪಕ್ಕದಲ್ಲಿದ್ದ ಹಮಾಲಿ ಖಾಜಾನನ್ನು ಹಿಡಿದರು. ಖಾಜಾ ಇಪ್ಪತ್ತು ವರ್ಷದಿಂದ ಅದೇ ಸ್ಟೇಷನ್ನಿನಲ್ಲಿ ಮೂಟೆ ಹೊತ್ತವನು. ಹೊತ್ತು ಹೋಗದಾಗ ಸುಳ್ಳು ಹೇಳುವುದು ಅವನ ಚಾಳಿ.

"ಏನಂದ್ರೋ ಗುಮಾಸ್ತ್ರು?"

"ನಿಮಗ ಗೊತ್ತಿಲ್ಲೇನ್ರಿ?" ಖಾಜಾ ದನಿ ತಗ್ಗಿಸಿದ. "ಅವರ ಮನ್ಯಾಗ ಕೂಸಿನ ಮೈಯಾಗ ದೇವ್ರು ಬಂದದಲ್ರಿ, ಅವತ್ತಿಂದ ಗುಮಾಸ್ತ್ರಿಗಿ ನೆರಳ ನೋಡಿ ಹೇಳೋ ಶಕ್ತಿ ಬಂದದ. ನಿಮಗ ಹನ್ನೊಂದು ಮೊಮ್ಮಕ್ಕಳು, ನೂರು ವರ್ಷ ಆಯಸ್ಸು."

ಸಾಹುಕಾರರಿಗೆ ಆಗ ನಾಲ್ವತ್ತೊಂಬತ್ತು. ಇನ್ನೂ ಐವತ್ತೊಂದು ವರ್ಷ ಕೈಯಲ್ಲಿದೆ ಎಂಬ ಹಿಗ್ಗಿಗೆ ಹಮಾಲರಿಗೆಲ್ಲ ಚಹಾ ಕುಡಿಸಿ ಸೇಡಮಿಗೆ ಹೋದರು.

ಶುಕ್ರವಾರ ಮತ್ತೆ ಬಂದರು. ಅಂದು ಶ್ರಾವಣದ ಮೋಡ ಮುಚ್ಚಿತ್ತು. ಸಾಹುಕಾರರು ತಾವಾಗಿಯೇ ಆಫೀಸಿನ ಮುಂದೆ ಬಂದು ಎದೆ ಸೆಟೆದು ನಿಂತರು. ನಾಗೇಂದ್ರಪ್ಪ ಮಸುಕಾದ ನೆರಳನ್ನು ನೋಡಿ ಸ್ವಲ್ಪ ಬೇಸರದಿಂದ ತಲೆಯಾಡಿಸಿದ.

"ಎಂಟು, ಐವತ್ತು."

ಸಾಹುಕಾರರ ಮುಖ ಬೇಳೆ ತೊಳೆದ ನೀರಿನಂತಾಯಿತು. ಮೂಟೆಗಳನ್ನು ಮರೆತು, ಸೊಲ್ಲಾಪುರ ಮರೆತು, ಅವರು ಮುಂದಿನ ಗಾಡಿಗೆ ಸೇಡಮಿಗೆ ಹೋಗಿ ಹಾಸಿಗೆ ಹಿಡಿದರು. ಅವರ ಐವತ್ತನೆಯ ಹುಟ್ಟುಹಬ್ಬಕ್ಕೆ ಉಳಿದದ್ದು ನಾಲ್ಕು ತಿಂಗಳು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಆಕಾಶ ಹರಿದ ಕಂಬಳಿಯಂತೆ ಇತ್ತು. ಮೋಡದ ತುಂಡುಗಳು ಗಾಳಿಗೆ ಓಡುತ್ತಿದ್ದವು. ನೆಲದ ಮೇಲೆ ಬಿಸಿಲು ಮತ್ತು ನೆರಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ಸುಗಲಾಳ ಹೊಸ ಹಲ್ಲಿನ ಗರಗಸದಂಥ ಅಂಚು ಆಗಲೇ ಒಸಡು ಸೀಳಿ ಹೊರಬಂದಿತ್ತು. ಇನ್ನು ತಡೆಯುವಂತಿರಲಿಲ್ಲ. ನಾಗೇಂದ್ರಪ್ಪ ಮೂರನೆಯ ರೀಲು ಹಾಕಿಕೊಂಡು, ಕ್ವಾರ್ಟರ್ಸಿನ ಮುಂದಿನ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿದ. ಎದುರಿಗೆ ಖಾಲಿ ಮೈದಾನ. ಗುರುಲಿಂಗಮ್ಮ ರಾಚೋಟಿಯ ಅಂಗಿಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದು, ತಾನು ಕಾಣದಂತೆ ಕಟ್ಟೆಯ ಹಿಂದೆ ಕುಳಿತಳು.

"ಸುಗಲಾ, ಸ್ವಲ್ಪ ನಗವ್ವ."

ಸುಗಲಾ ತುಟಿ ಬಿಗಿದು ತಲೆಯಾಡಿಸಿದಳು.

"ಹಕ್ಕರಿ ಅನ್ನು."

"ಅನ್ನಂಗಿಲ್ಲ."

ಬಿಸಿಲು ಬಂದಾಗ ಅವನು ಹನ್ನೊಂದು, ನೂರಕ್ಕೆ ತಿರುಗಿಸುವನು. ತಿರುಗಿಸುವಷ್ಟರಲ್ಲಿ ಮೋಡ. ಎಂಟು, ಐವತ್ತಕ್ಕೆ ತರುವಷ್ಟರಲ್ಲಿ ಮತ್ತೆ ಬಿಸಿಲು. ಹೀಗೆ ಏಳು ಫೋಟೋ ಹೋದವು; ಏಳರಲ್ಲೂ ಸುಗಲಾಳ ತುಟಿ ಮುಚ್ಚಿಯೇ ಇತ್ತು. ಒಂದು ಉಳಿಯಿತು.

ಅದೇ ಹೊತ್ತಿಗೆ ಮೈದಾನದಲ್ಲಿ ಕಲ್ಯಾಣಪ್ಪ ಸಾಹುಕಾರರು ಕಾಣಿಸಿಕೊಂಡರು. ಎರಡು ರಾತ್ರಿ ನಿದ್ದೆಯಿಲ್ಲದೆ, ಮುಂಜಾನೆಯ ಗಾಡಿ ಹಿಡಿದು ಬಂದಿದ್ದರು. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಬಾಳೆಹಣ್ಣಿನ ಗೊನೆ.

"ಗುಮಾಸ್ತ್ರೇ! ನನ್ನ ಪಾಪ ಏನಿದ್ರೂ ಹೇಳ್ರಿ!" ಎಂದು ದೂರದಿಂದಲೇ ಕೂಗಿದರು. "ಮೊಮ್ಮಕ್ಕಳದಾಗ ಮೂರು ಕಮ್ಮಿ ಮಾಡಿದ್ರ ಮಾಡ್ರಿ. ವರ್ಷದಾಗ ಕಮ್ಮಿ ಮಾಡಬ್ಯಾಡ್ರಿ! ಹೊಳ್ಳಿ ಒಮ್ಮಿ ನೋಡ್ರಿ!"

ನಾಗೇಂದ್ರಪ್ಪನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅವನು ತಲೆಯೆತ್ತಿ ನೋಡಿದ. ಹದಿನೈದು ದಿನದ ಅಭ್ಯಾಸ. ಕಣ್ಣು ತಾನಾಗಿ ನೆರಳಿನತ್ತ ಹೋಯಿತು. ಆಗಷ್ಟೇ ಒಂದು ಮೋಡ ಸಾಹುಕಾರರ ಮೇಲೆ ಬಂದಿತ್ತು.

"ಎಂಟು, ಐವತ್ತು" ಎಂದಿತು ಬಾಯಿ.

"ಅಯ್ಯಯ್ಯೋ! ನಿಂದ್ರಿ ನಿಂದ್ರಿ! ಅಲ್ಲಿ ಬಿಸಲದ!"

ಸಾಹುಕಾರರಿಗೆ ಶುಕ್ರವಾರದಿಂದ ಯೋಚಿಸಿ ಒಂದು ಸಂಗತಿ ಹೊಳೆದಿತ್ತು: ನೂರು ಬಂದ ದಿನ ಬಿಸಿಲಿತ್ತು, ಐವತ್ತು ಬಂದ ದಿನ ಇರಲಿಲ್ಲ. ಅವರು ಎಡಕ್ಕಿದ್ದ ಬಿಸಿಲಿನ ತುಂಡಿನ ಕಡೆ ಓಡಿದರು. ಅವರು ತಲುಪುವಷ್ಟರಲ್ಲಿ ಬಿಸಿಲು ಸಿಗ್ನಲ್ ಕಂಬದ ಕಡೆ ಸರಿಯಿತು. ಸಾಹುಕಾರರು ತಿರುಗಿ ಕಂಬದ ಕಡೆ ಓಡಿದರು. ಅಲ್ಲಿ ಒಂದು ಗಳಿಗೆ ಬಿಸಿಲು ಸಿಕ್ಕಿತು, "ಈಗ! ಈಗ ನೋಡ್ರಿ!" ಎಂದು ಎರಡೂ ಕೈ ಎತ್ತಿದರು. ತೆಂಗಿನಕಾಯಿ ಉರುಳಿತು. ಅದನ್ನು ಹಿಡಿಯಲು ಬಗ್ಗಿದಾಗ ರುಮಾಲು ಬಿಚ್ಚಿ ಹದಿನೈದು ಮೊಳ ಹಿಂದೆ ಹರಿಯಿತು. ಬಿಸಿಲು ಮತ್ತೆ ಸರಿಯಿತು. ಈ ಸಲ ಅದು ನೇರ ಕಟ್ಟೆಯ ಕಡೆ ಹೊರಟಿತು. ಸಾಹುಕಾರರು ಒಂದು ಕೈಯಲ್ಲಿ ಧೋತರ ಎತ್ತಿ ಹಿಡಿದು, ಇನ್ನೊಂದರಲ್ಲಿ ಬಾಳೆಗೊನೆ ಬೀಸುತ್ತ, ರುಮಾಲು ಎಳೆದುಕೊಂಡು, "ಏ ಬಿಸಲೇ, ನಿಂದ್ರಪ್ಪಾ!" ಎಂದು ಅದರ ಬೆನ್ನಟ್ಟಿದರು.

ಮೊದಲು ನಕ್ಕವನು ಚನ್ನವೀರ. ಆಮೇಲೆ ರಾಚೋಟಿ, ನಗೆಗೆ ಮೈ ಸೆಟೆದು, ಹುಟ್ಟಿದ ಮೇಲೆ ಮೊದಲ ಸಲ ಕೈ ಆಡಿಸುವುದನ್ನು ಮರೆತು ನಿಶ್ಚಲನಾದ. ಕೊನೆಗೆ ಸುಗಲಾಳಿಗೆ ತಡೆಯಲಾಗಲಿಲ್ಲ. ತುಟಿ ಬಿಚ್ಚಿತು, ಬಾಯಿ ಅಷ್ಟಗಲವಾಯಿತು, ಕಣ್ಣು ಮುಚ್ಚಿಹೋದವು. ಆ ಗಳಿಗೆಗೆ ಸರಿಯಾಗಿ ಬಿಸಿಲು ಸಾಹುಕಾರರನ್ನು ಹಿಂದೆ ಬಿಟ್ಟು ಕಟ್ಟೆಯನ್ನು ಮುಟ್ಟಿತು. ನಾಗೇಂದ್ರಪ್ಪ ರೊಟ್ಟಿಯನ್ನೂ ನೆನೆಯಲಿಲ್ಲ, ರೈಲನ್ನೂ ನೆನೆಯಲಿಲ್ಲ. ಬೆರಳು ತಾನಾಗಿ ಎರಡು ಕಡೆ ತಿರುಗಿಸಿ, ಮೂರನೆಯ ಕಡೆ ಒತ್ತಿತು. ಟಕ್ ಎಂದಿತು.

ಮರುಕ್ಷಣ ಕಲ್ಯಾಣಪ್ಪ ಸಾಹುಕಾರರು ಏದುಸಿರು ಬಿಡುತ್ತ ಆ ಬಿಸಿಲಿನ ನಡುವೆ ಬಂದು ನಿಂತರು. ಅವರ ನೆರಳು ಕಟ್ಟೆಯ ಮೇಲೆ ಕತ್ತರಿಸಿಟ್ಟಂತೆ ಬಿತ್ತು.

"ಈಗ... ಹೇಳ್ರಿ..."

"ಹನ್ನೊಂದು, ನೂರು" ಎಂದ ನಾಗೇಂದ್ರಪ್ಪ. ಅವನ ಕಣ್ಣಲ್ಲಿ ನೀರಿತ್ತು.

"ಬಸ್! ಇನ್ನ ಹೊಳ್ಳಿ ನೋಡಬ್ಯಾಡ್ರಿ!" ಎಂದು ಸಾಹುಕಾರರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಗುರುಲಿಂಗಮ್ಮ ಓಡಿಹೋಗಿ ಒಂದು ತಂಬಿಗೆ ನೀರು ತಂದಳು. ಆಮೇಲೆ ನಾಗೇಂದ್ರಪ್ಪ ಕ್ಯಾಮೆರಾ ತೋರಿಸಿ, ತೂತು ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದ. ಸಾಹುಕಾರರು ಗೌರವದಿಂದ ಕೇಳಿದರು, ನಂಬಲಿಲ್ಲ. ಐವತ್ತು ಬಂದಿದ್ದರೆ ನಂಬುತ್ತಿದ್ದರೋ ಏನೋ. ನೂರು ಬಂದ ಮೇಲೆ ಅದು ಬರೀ ಬೆಳಕಿನ ಲೆಕ್ಕ ಎಂದು ಯಾಕೆ ಒಪ್ಪಿಕೊಳ್ಳಬೇಕು?

ಸಲಾಂ ಭಾಯಿ ಆ ಫೋಟೋವನ್ನು ದೊಡ್ಡದು ಮಾಡಿ ತಾವೇ ಚೌಕಟ್ಟು ಹಾಕಿಸಿ ಕೊಟ್ಟರು. ಮೂರು ಮಕ್ಕಳು, ಪ್ರತಿಯೊಬ್ಬರಿಗೂ ಎರಡೇ ಕೈ, ಒಂದೇ ತಲೆ. ಅಂಗಿಯ ಗುಂಡಿಗಳನ್ನು ಎಣಿಸಬಹುದು. ನಡುವೆ ಸುಗಲಾಳ ತೆರೆದ ಬಾಯಿ. ಅದರಲ್ಲಿ ಆ ಪುಟ್ಟ ಬಾಗಿಲು, ಮೇಲ್ಗಡೆ ಈಗಷ್ಟೇ ಇಣುಕುತ್ತಿರುವ ಎರಡು ಅಂಚು. "ನನಗ ಕಲಿಸಲಿಕ್ಕಿ ಬಂತು, ಹಿಂಗ ತೆಗೀಲಿಕ್ಕಿ ಬಂದಿಲ್ರಿ" ಎಂದರು ಸಲಾಂ ಭಾಯಿ. ನಾಗೇಂದ್ರಪ್ಪ ಆ ಮಾತನ್ನು ಮನೆಯಲ್ಲಿ ನಾಲ್ಕು ಸಲ ಹೇಳಿದ.

"ನಾಳಿ ವರನ ಕಡ್ಯಾವರು ಬಂದ್ರ ಈ ಬೊಚ್ಚಬಾಯಿ ತೋರಸ್ಲೇನು?" ಎಂದು ಗುರುಲಿಂಗಮ್ಮ ಗೊಣಗಿದಳು. ಆದರೆ ಫೋಟೋವನ್ನು ಸುಲೇಪೇಟಕ್ಕೆ ಕಳಿಸಲು ಮನಸ್ಸಾಗದೆ ತಾನೇ ಗೋಡೆಗೆ ಹಾಕಿಸಿದಳು. ಅಪ್ಪನಿಗೆ ಇನ್ನೊಂದು ಪ್ರತಿ ಹೋಯಿತು. ಸುಗಲಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ದಿನಕ್ಕೆ ಹತ್ತು ಸಲ ನೋಡತೊಡಗಿದಳು.

ಒಂದು ತಿಂಗಳ ಮೇಲೆ ಕಲ್ಯಾಣಪ್ಪ ಸಾಹುಕಾರರು ಸೊಲ್ಲಾಪುರದಿಂದ ಮರಳುವಾಗ ಮನೆಗೆ ಬಂದರು. ಮಕ್ಕಳಿಗೆ ಖಾರಾ ಶೇವು ತಂದಿದ್ದರು. ಕುರ್ಚಿಯಲ್ಲಿ ಕುಳಿತು, ಗೋಡೆಯ ಮೇಲಿನ ಫೋಟೋವನ್ನು ಬಹಳ ಹೊತ್ತು ಮೆಚ್ಚಿ ನೋಡಿದರು. ನೋಡನೋಡುತ್ತ ಅವರಿಗೂ ನಗು ಬಂತು.

"ಭಾಳ ಚಂದ ನಗಲಿಕತ್ತಾವ್ರಿ ಹುಡುಗ್ರು. ಏನ ನೋಡಿ ಇಷ್ಟು ನಗಲಿಕತ್ತಾವ?"

ನಾಗೇಂದ್ರಪ್ಪ ಕೆಮ್ಮಿದ. ಚನ್ನವೀರ ಅಕ್ಕನ ಮುಖ ನೋಡಿದ. ರಾಚೋಟಿ ಶೇವು ತುಂಬಿದ ಬಾಯಿಯಲ್ಲೇ ಬೆರಳು ಎತ್ತಿ ಸಾಹುಕಾರರ ಕಡೆ ತೋರಿಸಿದ.

"ಚಹಾ ತರ್ತೀನ್ರಿ" ಎಂದು ಗುರುಲಿಂಗಮ್ಮ, ಸೆರಗು ಬಾಯಿಗೆ ಒತ್ತಿಕೊಂಡು, ಒಳಗೆ ಓಡಿದಳು.